ಒಂದು ಟಾಪಿಕ್ ಕೊಡಿ ಮಾರಾಯ್ರೆ

ಕಡಬದ ಆಸುಪಾಸಿನಲ್ಲಿ ಪಿಯುಸಿ ಓದುವ ಮಕ್ಕಳಿರುವ ಮನೆಗಳಿಗೆ ತಲೆಬಿಸಿ ಹೊಸತಲ್ಲ. ಸಿಇಟಿ, ನೀಟ್, ಜೆಇಇ, ಮೂಡಬಿದಿರೆಯ ಹಾಸ್ಟೆಲ್ ಫೀಸು, ಅಡಕೆ ಕೊಯ್ಲಿನ ಸಮಯಕ್ಕೇ ಬಂದು ಕೂರುವ ಪರೀಕ್ಷೆ, ಇವೆಲ್ಲ ಅಭ್ಯಾಸವಾಗಿಹೋದ ತಲೆಬಿಸಿಗಳು. ಈಚೆಗೆ ಇವುಗಳ ಮೇಲೆ ಇನ್ನೊಂದು ಬಂದು ಕೂತಿದೆ. ಮಗಳು ಹೊರದೇಶದ ಯೂನಿವರ್ಸಿಟಿಗೆ ಅರ್ಜಿ ಹಾಕುತ್ತಾಳಂತೆ, ಅದಕ್ಕೆ ಬರೀ ಮಾರ್ಕ್ ಸಾಲದಂತೆ, ಸ್ವಂತದ್ದೊಂದು ರಿಸರ್ಚ್ ಪ್ರಾಜೆಕ್ಟ್ ಇದ್ದರೆ ತೂಕ ಬರುತ್ತದಂತೆ. ಈ ‘ಅಂತೆ’ಗಳನ್ನೆಲ್ಲ ಹೊತ್ತುಕೊಂಡು ಅಪ್ಪಂದಿರು ನನ್ನಂಥ ನಿವೃತ್ತ ವಿಜ್ಞಾನ ಮಾಷ್ಟ್ರ ಜಗಲಿಗೆ ಬರುತ್ತಾರೆ. ನರ್ಸರಿಯಲ್ಲಿ ಕಸಿಗಿಡ ಕೇಳುವ ಧಾಟಿಯಲ್ಲೇ ಕೇಳುತ್ತಾರೆ: “ಒಂದು ಒಳ್ಳೆ ಟಾಪಿಕ್ ಕೊಡಿ ಮಾರಾಯ್ರೆ.”

ಬಿಳಿನೆಲೆ ಕಡೆಯ ಒಬ್ಬಳು ಹುಡುಗಿ ಪಟ್ಟಿಯನ್ನೇ ಹಿಡಿದುಕೊಂಡು ಬಂದಿದ್ದಳು. ಯಾರೋ ಕನ್ಸಲ್ಟೆಂಟ್ ಕೊಟ್ಟದ್ದು. ಕೃತಕ ಬುದ್ಧಿಮತ್ತೆಯಿಂದ ಕ್ಯಾನ್ಸರ್ ಪತ್ತೆ, ಜಾಗತಿಕ ಹವಾಮಾನ ಬದಲಾವಣೆ, ಕ್ವಾಂಟಮ್ ಏನೋ ಒಂದು. ಕೊನೆಯಲ್ಲಿ ಅವಳೇ ಪೆನ್ಸಿಲಿನಲ್ಲಿ ಸೇರಿಸಿದ್ದು, ತೆಂಗಿನ ಡಿಎನ್‌ಎ. “ಕಿದು ಫಾರ್ಮ್ ಇಲ್ಲೇ ಹತ್ತಿರ ಉಂಟಲ್ಲ ಸರ್” ಎಂದಳು. ಉಂಟು. ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐನವರ ಆ ತೋಟದಲ್ಲಿ ಎಷ್ಟೋ ದೇಶಗಳ ತೆಂಗಿನ ತಳಿಗಳುಂಟು. ಆದರೆ ಮನೆ ಹತ್ತಿರ ಇದ್ದ ಮಾತ್ರಕ್ಕೆ ಡಿಎನ್‌ಎ ಕೈಗೆ ಸಿಗುವುದಿಲ್ಲ.

ನಾನು ಪಟ್ಟಿಯ ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿದೆ: ಬರುವ ಸೋಮವಾರ ಬೆಳಿಗ್ಗೆ ಎದ್ದು ಇದಕ್ಕಾಗಿ ಎಂತ ಮಾಡುತ್ತೀ? ಗೂಗಲ್ ನೋಡುತ್ತೇನೆ ಎಂಬಲ್ಲಿಗೆ ಎಲ್ಲ ಉತ್ತರವೂ ನಿಂತಿತು. ಓದಿ ತಿಳಿಯುವುದು ಒಳ್ಳೆಯದೇ, ಅದಕ್ಕೆ ಓದು ಎಂದರೆ ಸಾಕು. ಈಗಂತೂ ದುಡ್ಡು ತೆಗೆದುಕೊಂಡು ವಿಷಯ ಕೊಟ್ಟು, ಬರೆದುಕೊಟ್ಟು, ಎಲ್ಲೋ ಒಂದು ಜರ್ನಲಿನಲ್ಲಿ ಅಚ್ಚು ಹಾಕಿಸುವವರೂ ಇದ್ದಾರೆ. ಅದನ್ನು ಸಂಶೋಧನೆ ಎನ್ನಲು ನನಗೆ ನಾಲಗೆ ಹೊರಳುವುದಿಲ್ಲ. ಅರ್ಜಿ ನೋಡುವ ಮನುಷ್ಯ ಎದುರು ಕೂತು “ಇದು ನಿನಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದರೆ ದುಡ್ಡು ಕೊಟ್ಟ ಅಪ್ಪ ಪಕ್ಕದಲ್ಲಿ ಇರುವುದಿಲ್ಲ.

ಅದೂ ಇದೂ ಮಾತಾಡುವಾಗ ಹುಡುಗಿ ಅಪ್ಪನ ಮೇಲೆ ಒಂದು ದೂರು ಹೇಳಿದಳು. ಮಳೆಗಾಲ ಬಂದರೆ ಅವರಿಗೆ ಬೆಳಿಗ್ಗೆ ಚಹಕ್ಕಿಂತ ಮೊದಲು ಅಂಗಳದ ಮಳೆಮಾಪಕ ಆಗಬೇಕು. ಅಳೆದು, ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದು, ವಾಟ್ಸಾಪ್ ಗ್ರೂಪಿಗೆ ಹಾಕಿ, ಆಮೇಲೆ ಬೇರೆಯವರ ಅಂಕಿ ನೋಡಿ, “ಪಂಜದಲ್ಲಿ 40, ನಮ್ಮಲ್ಲಿ 112, ಹೇಗೆ ಸಾಧ್ಯ?” ಎಂದು ಹತ್ತು ಗಂಟೆಯವರೆಗೆ ಚರ್ಚೆ. ಹಳೆಯ ಕ್ಯಾಲೆಂಡರ್ ಒಂದನ್ನೂ ಬಿಸಾಡಲು ಬಿಡುವುದಿಲ್ಲ, ಅಟ್ಟದಲ್ಲಿ ಕಟ್ಟು ಕಟ್ಟಿ ಇಟ್ಟಿದ್ದಾರೆ.

ಕೇಳಿ ನನ್ನ ಕಿವಿ ನೆಟ್ಟಗಾಯಿತು.

ಹೊರಗಿನವರಿಗೆ ಇದು ಹುಚ್ಚಿನಂತೆ ಕಂಡೀತು. ಪುತ್ತೂರು, ಸುಳ್ಯ, ಕಡಬದ ಅಡಕೆ ಕೃಷಿಕರಲ್ಲಿ ಈ ಹುಚ್ಚು ಧಾರಾಳ. ಸುಳ್ಯ ತಾಲೂಕಿನ ಬಾಳಿಲದ ಪಿ.ಜಿ.ಎಸ್.ಎನ್. ಪ್ರಸಾದರು 1976ರಿಂದ ದಿನದ ಮಳೆ ಬರೆದಿಡುತ್ತ ಬಂದವರು. ಪತ್ರಿಕೆಯವರಿಗೆ ಹಿಂದಿನ ವರ್ಷಗಳ ಮಳೆಯ ಲೆಕ್ಕ ಬೇಕಾದಾಗ ಅವರ ಪುಸ್ತಕದ ನೆನಪಾಗುತ್ತದೆ. ಉಪಕರಣವೂ ದೊಡ್ಡದಲ್ಲ. ಒಂದು ಆಲಿಕೆ, ಕೆಳಗೊಂದು ಪಾತ್ರೆ, ಗೆರೆ ಹಾಕಿದ ಗಾಜಿನ ಜಾಡಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. 112 ಮಿಲಿಮೀಟರ್ ಬಿದ್ದ ದಿನ ಒಂದು ಎಕರೆ ತೋಟಕ್ಕೆ ಸುಮಾರು ನಾಲ್ಕೂವರೆ ಲಕ್ಷ ಲೀಟರ್ ಬಿದ್ದ ಹಾಗಾಯಿತು. ಹವಾಮಾನ ಇಲಾಖೆ 64.5 ಮಿ.ಮೀ. ದಾಟಿದ್ದನ್ನು ‘ಭಾರಿ ಮಳೆ’ ಎನ್ನುತ್ತದೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಅಷ್ಟು ಬಂದರೆ “ಇವತ್ತು ಸ್ವಲ್ಪ ಹೊಳವು” ಎನ್ನುವವರೂ ಇದ್ದಾರೆ.

ಅಂಕಿ ಉಂಟು. ಆದರೆ ಅಂಕಿಯೇ ಟಾಪಿಕ್ ಆಗುವುದಿಲ್ಲ, ಅದಕ್ಕೊಂದು ಪ್ರಶ್ನೆ ಬೇಕು. ಅದನ್ನು ಹುಡುಕುವಾಗ ನಮ್ಮ ಮಾತಿಗೆ ಹೊಸಮಠದ ಸೇತುವೆ ಸಿಕ್ಕಿತು. ಈಗ ಎತ್ತರದ ಹೊಸ ಸೇತುವೆ ಬಂದಿದೆ, ಮಕ್ಕಳಿಗೆ ಹಳೆಯದರ ನೆನಪು ಅಷ್ಟಾಗಿ ಇಲ್ಲ. ಆ ಮುಳುಗುಸೇತುವೆಯ ಮೇಲೆ ಗುಂಡ್ಯ ಹೊಳೆ ಹತ್ತಿತೆಂದರೆ ಉಪ್ಪಿನಂಗಡಿ–ಕಡಬ ರಸ್ತೆ ಬಂದ್. ಆಚೆ ಬಸ್ಸು, ಈಚೆ ಬಸ್ಸು, ನಡುವೆ ಕೆಂಪು ನೀರು. ಎರಡೂ ದಡದಲ್ಲಿ ಕೊಡೆ ಹಿಡಿದವರ ಪಂಚಾಯತಿ: ನೀರು ಇನ್ನೂ ಏರುತ್ತದೋ, ಇಳಿಯುತ್ತದೋ? ಅಲ್ಲಿ ಕೆಲವು ಹಿರಿಯರು ಶಿರಾಡಿ ಕಡೆಯ ಮೋಡ ನೋಡಿ, ಇಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಗಂಟೆ ಸಮೇತ ಹೇಳುತ್ತಿದ್ದರು. ಹೆಚ್ಚಾಗಿ ಸರಿಯಾಗುತ್ತಿತ್ತು. ಹೇಗೆ ಎಂದು ಕೇಳಿದರೆ, ಅಂದಾಜು, ಎನ್ನುತ್ತಿದ್ದರು.

“ಆ ಅಂದಾಜನ್ನು ಅಳೆಯಬಹುದಾ ಸರ್?” ಹುಡುಗಿಯೇ ಕೇಳಿದ್ದು. ಟಾಪಿಕ್ ಹುಟ್ಟಿದ್ದು ಆ ಮಾತಿನಲ್ಲಿ, ನನ್ನ ಜಗಲಿಯ ಪುಣ್ಯದಿಂದ ಅಲ್ಲ.

ಆಮೇಲಿನದು ಪ್ರಶ್ನೆಯನ್ನು ಕೆತ್ತುವ ಕೆಲಸ. ‘ಮಳೆ ಮತ್ತು ನದಿಯ ಸಂಬಂಧ’ ಎಂದು ಬರೆದು ತಂದಳು. ಅದು ಪಿಎಚ್‌ಡಿಗೂ ದೊಡ್ಡದು. ಕುಮಾರಧಾರೆ ಬೇಡ, ಗುಂಡ್ಯ ಹೊಳೆಯೂ ಬೇಡ, ನಿಮ್ಮ ತೋಟದ ಬದಿಯ ತೋಡು ಸಾಕು ಎಂದೆ. ಮೇಲಿನ ಗುಡ್ಡದ ಮನೆಯಲ್ಲಿ ಮಳೆ ಜೋರಾಗಿ ಎಷ್ಟು ಹೊತ್ತಿಗೆ ತೋಡು ಏರುತ್ತದೆ? ಜೂನ್ ತಿಂಗಳ ಮಳೆಗೂ ಆಗಸ್ಟ್ ತಿಂಗಳ ಮಳೆಗೂ ಆ ಹೊತ್ತಿನಲ್ಲಿ ವ್ಯತ್ಯಾಸ ಉಂಟೋ? ಇರಲೇಬೇಕು ಎಂಬುದು ಪುಸ್ತಕದ ಲೆಕ್ಕ. ಬೇಸಿಗೆಯಲ್ಲಿ ಒಣಗಿದ ಮುರಕಲ್ಲಿನ ಮಣ್ಣು ಮೊದಲ ಮಳೆಗಳನ್ನು ಕುಡಿಯುತ್ತದೆ. ಆಗಸ್ಟ್ ಹೊತ್ತಿಗೆ ಅದರ ಹೊಟ್ಟೆ ತುಂಬಿ, ಅಷ್ಟೇ ಮಳೆಗೆ ಹೆಚ್ಚು ನೀರು ಬೇಗ ಹೊರಗೆ ಬರುತ್ತದೆ. ಆದರೆ ಎಷ್ಟು ಬೇಗ? ಈ ತೋಡಿಗೆ ಅದನ್ನು ಯಾರೂ ಅಳೆದಿಲ್ಲ. ತೊಡಕೂ ಬಂತು. ಅಪ್ಪನ ಕ್ಯಾಲೆಂಡರಿನಲ್ಲಿರುವುದು 24 ಗಂಟೆಯ ಮಳೆ. ತೋಡು ಏರಿ ಇಳಿಯಲು ಕೆಲವೇ ಗಂಟೆ ಸಾಕು. ಹಾಗಾಗಿ ಜೋರು ಮಳೆಯ ದಿನ ಗಂಟೆಗೊಮ್ಮೆ ಅಳೆಯಬೇಕು, ಮೇಲಿನ ಮನೆಯವರೂ ಅಳೆಯಬೇಕು, ತೋಡಿನ ಕಟ್ಟದ ಗೋಡೆಗೆ ಸೆಂಟಿಮೀಟರ್ ಗೆರೆ ಹಾಕಿ ಜಗಲಿಯಿಂದಲೇ ಕಾಣುವ ಹಾಗಿರಬೇಕು. ನೀರಿನ ಹತ್ತಿರ ಹೋಗಬಾರದು ಎಂಬುದು ಮೊದಲ ನಿಯಮ. 2022ರ ಆಗಸ್ಟ್ ಮೊದಲ ವಾರ ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರು, ಸುಬ್ರಹ್ಮಣ್ಯದಲ್ಲಿ ಉಕ್ಕಿದ ಹೊಳೆ ಏನು ಮಾಡಿತೆಂದು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆ ಬಂದ ಕೂಡಲೇ ಕರೆಂಟು, ಅದರ ಹಿಂದೆಯೇ ನೆಟ್‌ವರ್ಕ್ ಹೋಗುವ ಊರಿನಲ್ಲಿ ಮೇಲಿನ ಮನೆಯ ಅಂಕಿ ಕೆಳಗೆ ಬರುವುದು ಹೇಗೆ? ಪುಸ್ತಕದಲ್ಲಿ ಬರೆದಿಟ್ಟು ಮರುದಿನ ತಾಳೆ ನೋಡುವುದು. ಎರಡೂ ಮನೆಯ ಗಡಿಯಾರ ಒಂದೇ ಸಮಯ ತೋರಿಸಬೇಕು, ಅಷ್ಟೇ.

“ಇಷ್ಟು ಸಣ್ಣದ್ದಕ್ಕೆ ಅಲ್ಲಿಯವರು ಬೆಲೆ ಕೊಡುತ್ತಾರಾ?” ಎಂದು ಅಪ್ಪನಿಗೆ ಸಂಶಯ. ನಾನು ಗಡಿಯಾಚೆಯ ವಾಣಿನಗರದ ಕಥೆ ಹೇಳಿದೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಆ ಹಳ್ಳಿಯಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ಸಾಮಾನ್ಯ ವೈದ್ಯರು. ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕೆಲವು ಕಾಯಿಲೆಗಳು ಕೆಲವೇ ಜಾಗದ ಮನೆಗಳಿಂದ ಯಾಕೆ ಇಷ್ಟು ಬರುತ್ತಿವೆ ಎಂಬುದು ಅವರ ಪ್ರಶ್ನೆ. ಅಲ್ಲಿಯದೇ ಪಡ್ರೆ ಗ್ರಾಮದ ಪತ್ರಕರ್ತ ಶ್ರೀಪಡ್ರೆ ವಿಕಲವಾಗಿ ಹುಟ್ಟುವ ಕರುಗಳನ್ನು ನೋಡಿ ಇನ್ನೂ ಮೊದಲೇ ಬರೆದಿದ್ದರು. ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಸುರಿಯುತ್ತಿದ್ದ ಕೀಟನಾಶಕ ಎಂಡೋಸಲ್ಫಾನಿನ ವಿಷಯ ಜಗತ್ತಿಗೆ ತಿಳಿದದ್ದು ಇಂಥವರಿಂದ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆಯಿತು. ಪ್ರಶ್ನೆ ಹುಟ್ಟುವಾಗ ಒಂದು ಹಳ್ಳಿಯ ಅಳತೆಯದ್ದೇ ಇತ್ತು.

ಇನ್ನೊಬ್ಬ ಹುಡುಗನದ್ದು ಬೇರೆ ಸಮಸ್ಯೆ. ಅವನಿಗೆ ತೋಟದ ಕೆಲಸ ಸಂಶೋಧನೆ ಎಂದು ಕಾಣುವುದೇ ಇಲ್ಲ. ಅಡಕೆಯ ಕೊಳೆರೋಗಕ್ಕೆ ಅಜ್ಜ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತಿನ ನೀರೂ ಸುಣ್ಣದ ನೀರೂ ಕೂಡಿದ ಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದು ಲೆಕ್ಕ. ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಹಾಗೇ ಬಿಟ್ಟರೆ ಅಡಕೆಗೊನೆ ಸುಡುತ್ತದೆ. “ಇದು ಅಜ್ಜ ಮಾಡುವುದಲ್ವಾ ಸರ್?” ಎಂದ. ಹೌದು ಮಾರಾಯ. ಕೆನಡಾದಿಂದ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ವರದಿ ಬರೆದದ್ದು 1910ರಲ್ಲಿ, ಅದೂ ಅಡಕೆ ತೋಟ ಸುತ್ತಿಯೇ. ಈಗ ಪೇಟೆಯಲ್ಲಿ ಸಿಗುವ ನಾಲ್ಕು ಬಗೆಯ ಸುಣ್ಣದಲ್ಲಿ ಯಾವುದು ಎಷ್ಟು ಬೇಕು, ಅಜ್ಜನ ಕತ್ತಿಯೂ ಪಿಎಚ್ ಕಾಗದವೂ ಒಂದೇ ಉತ್ತರ ಹೇಳುತ್ತವೋ ನೋಡು ಎಂದೆ. ಅವನಿಗೆ ಅದು ಅಷ್ಟು ಹಿಡಿಸಲಿಲ್ಲ. ರೋಬೊಟ್ ಎಂದು ಹೋದ. ಹೋಗಲಿ, ರೋಬೊಟ್ ಕಟ್ಟಲು ಕೈ ಬರುವವನಾದರೆ ಅದೂ ಒಳ್ಳೆಯದೇ.

ಬಿಳಿನೆಲೆ ಕಡೆಯ ಹುಡುಗಿ ಮೇಲಿನ ಮನೆಯ ಅಜ್ಜಿಯನ್ನು ಒಪ್ಪಿಸಿ ಅಲ್ಲೊಂದು ಮಾಪಕ ಇಟ್ಟಿದ್ದಾಳೆ. ಅಜ್ಜಿ ಬರೆಯುವುದು ತುಳು ತಿಂಗಳ ಲೆಕ್ಕದಲ್ಲಿ. ಪರಿವರ್ತಿಸುವ ಕೋಷ್ಟಕವೂ ಈಗ ಪ್ರಾಜೆಕ್ಟಿನ ಒಂದು ಭಾಗ.

ಟಾಪಿಕ್ ಕೇಳಲು ಬರುವವರಿಗೆ ಒಂದು ಮಾತು. ಅಮೆರಿಕದ ಹಲವು ಕಾಲೇಜುಗಳ ಅರ್ಜಿ ಜನವರಿ ಮೊದಲಿಗೆ ಮುಗಿಯುತ್ತದೆ. ನಮ್ಮ ಮಳೆ ಜೂನ್‌ನಿಂದ ಸೆಪ್ಟೆಂಬರ್. ನವೆಂಬರಿನಲ್ಲಿ ಬಂದು ಕೇಳಿದರೆ ನನ್ನಲ್ಲಿ ಕೊಡಲು ಏನೂ ಇರುವುದಿಲ್ಲ. ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲೇ ಬನ್ನಿ, ಬರುವಾಗ ಮನೆಯಲ್ಲಿರುವ ಹಳೆಯ ಕ್ಯಾಲೆಂಡರುಗಳನ್ನೂ ತನ್ನಿ.