ವಿಧಾನಸೌಧ ನೋಡೋಣ ಬನ್ನಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಾವು ಬೆಂಗಳೂರಿಗೆ ಹೋದರೆ ವಿಧಾನಸೌಧವನ್ನು ರಸ್ತೆಯಲ್ಲೇ ನಿಂತು ನೋಡಿ, ಒಂದು ಫೋಟೋ ತೆಗೆಸಿಕೊಂಡು ಬರುವುದೇ ವಾಡಿಕೆ. 2025ರ ಜೂನ್‌ನಲ್ಲಿ ಪ್ರವಾಸೋದ್ಯಮ ಇಲಾಖೆ ಜನರನ್ನು ಆವರಣದೊಳಗೆ ಕರೆದೊಯ್ದು, ವಿವರಿಸಿ ತೋರಿಸುವ ಏರ್ಪಾಡು ಮಾಡಿತು. ಆಗ ಗೊತ್ತುಮಾಡಿದ್ದು ಭಾನುವಾರ ಮತ್ತು ಎರಡನೇ, ನಾಲ್ಕನೇ ಶನಿವಾರ. ದೊಡ್ಡವರಿಗೆ 50 ರೂಪಾಯಿ. ಟಿಕೆಟ್ಟು ಮೊದಲೇ ಆನ್‌ಲೈನಿನಲ್ಲಿ ತೆಗೆಸಬೇಕು. ಹೊರಡುವ ಮುನ್ನ ವೇಳೆ ವಿಚಾರಿಸಿಕೊಳ್ಳಿ, ಗುರುತಿನ ಚೀಟಿ ಮರೆಯಬೇಡಿ.

ಘಟಪ್ರಭಾದಲ್ಲಿ ರಾಣಿ ಚೆನ್ನಮ್ಮ ರೈಲು ಹತ್ತಿದರೆ ಮರುದಿನ ಬೆಳಿಗ್ಗೆ ಬೆಂಗಳೂರು. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಇದ್ದರೆ ದಾರಿಯ ಚಿಂತೆಯಿಲ್ಲ.

ಈ ಸೌಧಕ್ಕೆ 1951ರಲ್ಲಿ ಅಡಿಗಲ್ಲು ಇಟ್ಟವರು ನೆಹರೂ. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ನಕ್ಷೆ ಬದಲಿಸಿ, ನಮ್ಮ ದೇಗುಲಗಳ ಶಿಲ್ಪದ ಚೆಲುವು ಬರುವಂತೆ ಕಟ್ಟಿಸಿದರು. ಮುಗಿದದ್ದು 1956ರಲ್ಲಿ. ಎದುರಿಗೆ ಅಗಲವಾದ 45 ಮೆಟ್ಟಿಲು, 12 ಎತ್ತರದ ಕಲ್ಲುಕಂಬ; ಸಚಿವ ಸಂಪುಟದ ಕೋಣೆಗೆ ಶ್ರೀಗಂಧದ ಬಾಗಿಲು! ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹ.

ಕಲ್ಲು, ಗಂಧ ನೋಡಿ ಬಂದರಷ್ಟೇ ಸಾಲದು. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲೂಕು ಆಗಬೇಕಾದರೂ ಇಲ್ಲಿಂದಲೇ ಅಪ್ಪಣೆ ಬರಬೇಕಾಯಿತು. ನಲ್ಲಿ ನೀರು, ರೇಷನ್ ಅಕ್ಕಿ, ಮಗಳ ಕಾಲೇಜು, ಹೀಗೆ ನಮ್ಮ ಅಡಿಗೆಮನೆಯವರೆಗೆ ಬರುವ ಎಷ್ಟೋ ಮಾತು ಇಲ್ಲೇ ತೀರ್ಮಾನವಾಗುತ್ತದೆ. ಆದರೆ ವಿಧಾನಸಭೆಯ 224 ಸ್ಥಾನಗಳಿಗೆ 2023ರ ಚುನಾವಣೆಯಲ್ಲಿ ಗೆದ್ದ ಮಹಿಳೆಯರು ಬರೀ 10 ಮಂದಿ!

ಆದ್ದರಿಂದ ರಜೆಯಲ್ಲಿ ಹೋಗುವಾಗ ಹೆಣ್ಣುಮಕ್ಕಳನ್ನು ತಪ್ಪದೇ ಕರಕೊಂಡು ಹೋಗಿ. ನೋಡಿ ಬಂದ ಹುಡುಗಿಗೆ, ತಾನೂ ಒಂದು ದಿನ ಅಲ್ಲಿ ಕೂತು ಮಾತಾಡಬೇಕೆಂಬ ಆಸೆ ಹುಟ್ಟಿದರೆ, ಕೊಟ್ಟ 50 ರೂಪಾಯಿ ಸಾರ್ಥಕ.