ಗೋಡೆಯ ರಾವಣ, ಪೆಟ್ಟಿಗೆಯ ರಾವಣ

ಹಾರರ್ ಸಿನಿಮಾದ ಮುಖವಾಡ, ವೇಷ, ತಲೆಬುರುಡೆಗಳನ್ನು ಸುತ್ತಲೂ ಜೋಡಿಸಿ, ನಡುವೆ ಊಟ ಬಡಿಸುವ ಥೀಮ್ ರೆಸ್ಟೋರೆಂಟ್‌ಗಳ ಫೋಟೊ ನಿಮ್ಮ ಫೋನಿಗೂ ಬಂದಿರುತ್ತೆ. ಇಂಥ ಜಾಗಗಳ ಪೈಕಿ ಹೆಸರುವಾಸಿ ಅಂದ್ರೆ ಸ್ವಿಟ್ಜರ್ಲೆಂಡಿನ ಗ್ರುಯೇರ್ ಊರಿನ ಗೀಗರ್ ಬಾರ್. 1979ರ ‘ಏಲಿಯನ್’ ಸಿನಿಮಾದ ಭಯಂಕರ ಜೀವಿಯನ್ನು ರೂಪಿಸಿದ ಕಲಾವಿದ ಎಚ್.ಆರ್. ಗೀಗರ್ ಅವರ ಮ್ಯೂಸಿಯಂ ಪಕ್ಕದಲ್ಲೇ 2003ರಲ್ಲಿ ಶುರುವಾದ ಬಾರ್ ಅದು. ಛಾವಣಿಗೆ ಬೆನ್ನುಮೂಳೆಯ ಕಮಾನು, ಕುರ್ಚಿಗೂ ಬೆನ್ನುಮೂಳೆ. ಆದರೆ ಫೋಟೊಗಳಲ್ಲಿ ಅಲ್ಲಿ ಕೂತವರೆಲ್ಲ ನಗುತ್ತಲೇ ಇರ್ತಾರೆ. ಯಾರ ಮುಖದಲ್ಲೂ ಭಯ ಇಲ್ಲ.

ಅದೇ ಜೀವಿ ಸಿನಿಮಾದಲ್ಲಿ ಜನರ ನಿದ್ದೆ ಕೆಡಿಸಿತ್ತು. ಆ ವೇಷದೊಳಗೆ ಇದ್ದವರು ಬೊಲಾಜಿ ಬಡೇಜೊ ಎಂಬ ಸುಮಾರು ಏಳಡಿ ಎತ್ತರದ ನೈಜೀರಿಯಾದ ಯುವಕ. ನಿರ್ದೇಶಕ ರಿಡ್ಲಿ ಸ್ಕಾಟ್ ಅವರನ್ನು ಬಹುಪಾಲು ಕತ್ತಲಲ್ಲೇ ಇಟ್ಟರು, ಅಲ್ಲಿಷ್ಟು ಇಲ್ಲಿಷ್ಟು ತೋರಿಸಿದರು. ಇನ್ನೂ ಹಿಂದಕ್ಕೆ ಹೋದರೆ, 1922ರ ‘ನೊಸ್ಫೆರಾಟು’ ಚಿತ್ರದಲ್ಲಿ ಇವತ್ತಿಗೂ ಜನ ನೆನಪಿಟ್ಟಿರೋದು ಮೆಟ್ಟಿಲು ಹತ್ತುವ ಒಂದು ನೆರಳನ್ನು. ಹೆದರಿಸಲು ವೇಷವೊಂದೇ ಸಾಲದು, ಅದಕ್ಕೆ ತಕ್ಕ ಬೆಳಕು ಬೇಕು. ಈ ಮಾತು ನನಗೆ ಸರಿಯಾಗಿ ಅರ್ಥ ಆಗಿದ್ದು ಹೊಸಪೇಟೆಯಲ್ಲಿ.

ಬಫೆ ಪಕ್ಕದ ದಶಕಂಠ

ಹಂಪಿ ನೋಡಲು ಬರುವವರು ಉಳಿಯೋದು ಹೆಚ್ಚಾಗಿ ಹೊಸಪೇಟೆಯಲ್ಲಿ. ಅಲ್ಲಿನ ಹೋಟೆಲುಗಳಲ್ಲಿ ವಿಜಯನಗರವೇ ಥೀಮು. ಕಮಲ ಮಹಲಿನ ಕಮಾನು, ಕಲ್ಲಿನ ರಥದ ಚಿತ್ರ, ಕಂಬಗಳಂಥ ದೀಪಗಳು. ನಾನು ಉಳಿದಿದ್ದ ಹೋಟೆಲಿನ ಊಟದ ಹಾಲ್‌ನಲ್ಲಿ ಒಂದು ದೊಡ್ಡ ತೊಗಲುಗೊಂಬೆಗೆ ಗಾಜಿನ ಫ್ರೇಮ್ ಹಾಕಿ ತೂಗುಹಾಕಿದ್ದರು. ಹತ್ತು ತಲೆ, ಇಪ್ಪತ್ತು ಕೈ, ಕೋರೆಹಲ್ಲು, ಕೈಗೊಂದು ಆಯುಧ. ಕೆಳಗೆ ಒಗ್ಗರಣೆ-ಮಿರ್ಚಿ ಕೌಂಟರ್. ನಾಲ್ಕು ವರ್ಷದ ಒಂದು ಮಗು ರಾವಣನ ಕಡೆ ಒಮ್ಮೆ ನೋಡಿ, ಮಿರ್ಚಿಯ ಹಿಟ್ಟು ಮಾತ್ರ ಬಿಡಿಸಿ ತಿನ್ನೋದನ್ನು ಮುಂದುವರಿಸಿತು.

ಲಂಕಾಧಿಪತಿಗೆ ಇಷ್ಟೇನಾ ಮರ್ಯಾದೆ ಅನಿಸಿತು. ಅದೂ ಕಿಷ್ಕಿಂಧೆ ಅಂತ ಕರೆಸಿಕೊಳ್ಳುವ ಊರಿನ ಬಾಗಿಲಲ್ಲಿ! ಜೊತೆಗಿದ್ದ ಸಹೋದ್ಯೋಗಿ ಕಂಪ್ಲಿ ಕಡೆಯವನು. “ಅದು ಗ್ವಾಡಿಗೆ ಮಾಡಿದ್ದಲೇ. ಆಟ ಆಡೋ ರಾವಣನ್ನ ನೋಡಬೇಕಂದ್ರ ನಮ್ಮೂರ ಕಡಿ ಬಾ, ನಮ್ಮ ಮಾವಗ ಗೊಂಬಿ ಅಜ್ಜಾರ ಪರಿಚಯ ಐತಿ” ಅಂದ. ಆಟ ಮರುದಿನ ಸಂಜೆಗೆ ಅಂತ ಗೊತ್ತಾಯ್ತು. ಅಲ್ಲೀವರೆಗೆ ಹಂಪಿ ಸುತ್ತಿದೆವು.

ಅದೇ ಗುಂಗಿನಲ್ಲಿ ನೋಡಿದರೆ ಹಂಪಿಯಲ್ಲೂ ಬೆಳಕು-ನೆರಳಿನ ಆಟವೇ ಕಾಣುತ್ತೆ. ವಿರೂಪಾಕ್ಷ ಗುಡಿಯಲ್ಲಿ, ಗರ್ಭಗುಡಿಯ ಹಿಂದಿನ ಕತ್ತಲ ಕೋಣೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು, ದೊಡ್ಡ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತೆ. ಕ್ಯಾಮೆರಾದ ತತ್ವವೇ ಅದು. ಅಲ್ಲಿ ಸೂರ್ಯನೇ ದೀಪ, ಗೋಡೆಯೇ ಪರದೆ.

ಇನ್ನು ಉಗ್ರನರಸಿಂಹ. 1528ರಲ್ಲಿ ಕೃಷ್ಣದೇವರಾಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ, 6.7 ಮೀಟರ್ ಎತ್ತರದ ಮೂರ್ತಿ. ಉಬ್ಬಿದ ಕಣ್ಣು, ಅಗಲ ಬಾಯಿ, ಮೇಲೆ ಏಳು ಹೆಡೆಯ ಶೇಷ. ಎದುರು ನಿಂತವರ ಮಾತು ತಾನಾಗೇ ಸಣ್ಣದಾಗುತ್ತೆ. ನಿಜ ಹೇಳಬೇಕೆಂದರೆ ಇದು ಉಗ್ರನರಸಿಂಹ ಅಲ್ಲ, ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದು ಹೋಗಿ, ಅವನ ಬೆನ್ನನ್ನು ಬಳಸಿದ ಅವಳ ಒಂದು ಕೈ ಮಾತ್ರ ಉಳಿದಿದೆ. ಜೊತೆಗಿದ್ದವಳು ಹೋದ ಮೇಲೆ ಜನ ಅವನನ್ನು ‘ಉಗ್ರ’ ಅಂದರು. ಹಿಂದಕ್ಕೆ ಹೋಗಿ ಆ ಕೈಯನ್ನು ನೋಡಿ ಬಂದರೆ ಮುಖ ಬೇರೆ ಥರ ಕಾಣುತ್ತೆ.

ಕಮಲಾಪುರದ ಪುರಾತತ್ವ ಇಲಾಖೆಯ ಮ್ಯೂಸಿಯಂನಲ್ಲಿ ಭೈರವ, ವೀರಭದ್ರ, ಮಹಿಷಮರ್ದಿನಿ ಸಾಲಾಗಿ ನಿಂತಿದ್ದಾರೆ. ಒಳ್ಳೆ ಸಂಗ್ರಹ, ತಪ್ಪಿಸಬೇಡಿ. ಆದರೆ ಎಣ್ಣೆ ದೀಪದ ಗರ್ಭಗುಡಿಗೆಂದು ಕಡೆದ ಮುಖಗಳು ಸಮನಾದ ಬೆಳಕಿನಲ್ಲಿ ಶಿಲ್ಪಗಳಾಗಿ ಕಾಣುತ್ತವೆ, ದೇವರಾಗಿ ಅಲ್ಲ.

ಪೆಟ್ಟಿಗೆ ತೆರೆದಾಗ

ಮರುದಿನ ಮಧ್ಯಾಹ್ನ ಕಂಪ್ಲಿ ದಾರಿ ಹಿಡಿದೆವು. ಎರಡೂ ಕಡೆ ಗದ್ದೆ, ಬಾಳೆ, ಕಬ್ಬು. ಅಜ್ಜಾರದು ಹೊಳೆಗೆ ಹತ್ತಿರದ ಮನೆ. ಅಂಗಳದಲ್ಲಿ ಹರಗೋಲು ಬೋರಲು ಹಾಕಿತ್ತು. ಶಿಳ್ಳೇಕ್ಯಾತರು ಗೊಂಬೆ ಆಡಿಸುವುದರ ಜೊತೆಗೆ ಮೀನು ಹಿಡಿಯೋದನ್ನೂ ಮಾಡಿಕೊಂಡು ಬಂದವರು. ಇವರ ಆಟದ ಕೋಡಂಗಿಯ ಹೆಸರೂ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ. ಮಳೆ ಹೋದಾಗ, ದನಕ್ಕೆ ಬೇನೆ ಬಂದಾಗ ಊರವರೇ ಕರೆಸಿ ಆಟ ಆಡಿಸುತ್ತಿದ್ದ ಕಾಲ ಇತ್ತು.

ಪೆಟ್ಟಿಗೆ ತೆರೆಯುವ ಮೊದಲು ಅಜ್ಜ ಕೈಮುಗಿದರು. ಒಳಗೆ ಒಂದರ ಮೇಲೊಂದು ಗೊಂಬೆಗಳು. ಕೂದಲು ತೆಗೆದು, ಬೆಳಕು ತೂರುವಷ್ಟು ತೆಳ್ಳಗೆ ಹದ ಮಾಡಿದ ಮೇಕೆ ತೊಗಲು. ಅದರ ಮೇಲೆ ಕೆಂಪು, ಹಸಿರು, ಕಪ್ಪು ಬಣ್ಣ. ಒಡವೆ ಕಾಣಲೆಂದು ಕೊರೆದ ನೂರಾರು ಸಣ್ಣ ತೂತುಗಳು. ರಾಜ, ದೇವರು, ರಾಕ್ಷಸರ ಗೊಂಬೆ ದೊಡ್ಡವು. ಸೇವಕರು ಚಿಕ್ಕವರು. ರಾವಣನ ಎರಡು ಭುಜಕ್ಕೆ ಹೊಲಿಗೆ ಬಿದ್ದಿತ್ತು, ಒಂದು ತಲೆಯ ಕಿವಿ ಹರಿದಿತ್ತು. ಹಗಲಲ್ಲಿ ನೋಡಿದರೆ ಮಾಸಿದ ಬಣ್ಣದ ಹಳೇ ಚರ್ಮ.

ನಾನು ಹೋಟೆಲಿನ ರಾವಣನ ಫೋಟೊ ತೋರಿಸಿದೆ. ಅಜ್ಜ ಫೋನನ್ನು ದೂರ ಹಿಡಿದು ನೋಡಿದರು.

“ಇದಕ್ಕ ಕೋಲು ಕಟ್ಟಿಲ್ಲ ತಮ್ಮಾ. ಕೋಲಿಲ್ಲಂದ್ರ ಅದು ಕುಣಿದಿಲ್ಲ.”

“ನಿಮಗೆ ಬೇಜಾರಾಗಲ್ವಾ ಅಜ್ಜಾ, ಹಿಂಗೆ ಗೋಡೆಗೆ ಹಾಕಿದ್ರೆ?”

“ಯಾಕ ಬ್ಯಾಸರ? ನಾವೂ ಮಾಡಿ ಮಾರ್ತೀವಿ. ಗ್ವಾಡಿ ಮ್ಯಾಲಿನ ರಾವಣ ಮನಿ ನಡಸ್ತಾನ, ಪೆಟ್ಟಿಗ್ಯಾಗಿನ ರಾವಣ ಆಟ ನಡಸ್ತಾನ. ಒಬ್ಬನ ಮ್ಯಾಲೆ ಇನ್ನೊಬ್ಬ ಬದುಕ್ಯಾನ.”

ಪೇಟೆಯವರು ಕಲೆಯನ್ನು ಅಲಂಕಾರ ಮಾಡಿಬಿಟ್ಟರು ಅಂತ ನಾನು ಮನಸ್ಸಲ್ಲೇ ಬರೆದುಕೊಂಡಿದ್ದ ಭಾಷಣ ಅಲ್ಲಿಗೆ ಮುಗೀತು.

ದೀಪ ಹಚ್ಚಿದ ಮೇಲೆ

ರಾತ್ರಿ ಒಂಬತ್ತಕ್ಕೆ ಶಾಲೆ ಬಯಲಿನಲ್ಲಿ ಬಿಳಿ ಪರದೆ ಕಟ್ಟಿದರು. ಹಿಂದೆ ಎಣ್ಣೆ ದೀಪ ಇರುತ್ತಿತ್ತು, ಈಗ ಒಂದು ಬಲ್ಬು. ಗಣಪತಿ ಬಂದು ಹೋದ. ಕಿಳ್ಳೇಕ್ಯಾತ ಬಂದು ಊರ ಪಂಚಾಯ್ತಿಯ ನೀರಿನ ಟ್ಯಾಂಕಿನಿಂದ ಹಿಡಿದು ಮೊಬೈಲ್ ರೀಚಾರ್ಜ್‌ವರೆಗೆ ಎಲ್ಲವನ್ನೂ ಆಡಿಕೊಂಡ. ಬೈಗುಳಕ್ಕೆ ಮುಂದಿನ ಸಾಲಿನ ಅಜ್ಜಿಯರು ಸೆರಗು ಬಾಯಿಗಿಟ್ಟು ನಕ್ಕರು.

ಆಮೇಲೆ ಮದ್ದಳೆ ನಿಂತಿತು. ಪರದೆ ಖಾಲಿ. ದೂರದಿಂದ, ಅಂಚೇ ಇಲ್ಲದ ಕಪ್ಪು ಕಲೆಯೊಂದು ಪರದೆ ತುಂಬ ಹರಡಿತು. ಗೊಂಬೆಯನ್ನು ಬಲ್ಬಿನ ಹತ್ತಿರ ಹಿಡಿದರೆ ನೆರಳು ದೊಡ್ಡದಾಗಿ ಮಸುಕಾಗುತ್ತೆ, ಪರದೆಗೆ ಒತ್ತಿದರೆ ಅಳತೆಗೆ ಬಂದು ಬಣ್ಣ ಚುರುಕಾಗುತ್ತೆ. ನಮ್ಮ ಭಾಷೆಯಲ್ಲಿ ಝೂಮ್. ಕಲೆ ನಿಧಾನಕ್ಕೆ ಕುಗ್ಗುತ್ತಾ ಬಂದು, ಕಾಲ ಕೆಳಗಿನ ಹಲಗೆ ಧಡ್ ಅಂದ ಕ್ಷಣಕ್ಕೆ ಹತ್ತು ಮುಖ, ಇಪ್ಪತ್ತು ಕೆಂಪು ಕಣ್ಣು ಒಮ್ಮೆಲೇ ಹೊತ್ತಿಕೊಂಡವು. ಆ ಹೊಲಿಗೆ, ಆ ಹರಿದ ಕಿವಿ ಯಾವುದೂ ಕಾಣಲಿಲ್ಲ. ನನ್ನ ಪಕ್ಕದ ಹುಡುಗಿ ತನ್ನ ಅವ್ವನ ತೊಡೆಯೊಳಗೆ ಮುಖ ಹುದುಗಿಸಿದಳು. ನಾನೂ ಅರ್ಧ ಇಂಚು ಹಿಂದೆ ಸರಿದೆ.

ಪರದೆಯ ಹಿಂದೆ ಹೋಗಿ ನೋಡಿದರೆ ರಾವಣನನ್ನು ಎತ್ತಿ ಹಿಡಿದಿದ್ದವನು ಅಜ್ಜನ ಮೊಮ್ಮಗ. ಮಾತು, ಹಾಡು ಅಜ್ಜನದು. ಅಷ್ಟು ದೊಡ್ಡ ಗೊಂಬೆಯನ್ನು ಹೊತ್ತುಗಟ್ಟಲೆ ಆಡಿಸುವ ಶಕ್ತಿ ಈಗ ಅಜ್ಜನ ತೋಳಲ್ಲಿಲ್ಲ. ಮೊಮ್ಮಗ ತೋರಣಗಲ್ಲು ಕಡೆಯ ಸ್ಟೀಲ್ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸಗಾರ. ಅವನಿಗೆ ರಾತ್ರಿ ಪಾಳಿ ಬಿದ್ದರೆ ರಾವಣ ಪೆಟ್ಟಿಗೆಯಲ್ಲೇ ಇರ್ತಾನೆ. ಆವಾಗ ಅಜ್ಜ ರಾವಣನಿಲ್ಲದ ಕಥೆ ಹುಡುಕಬೇಕು.

ಗೌರವ ಸಿಕ್ಕಿಲ್ಲ ಅಂತಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಏಳು ದಶಕಕ್ಕೂ ಹೆಚ್ಚು ಕಾಲ ಗೊಂಬೆ ಆಡಿಸಿ, ವಿದೇಶಗಳಿಗೂ ಒಯ್ದ ಹಿರಿಯಮ್ಮ ಅವರು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ಪರದೆಗೆ ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತಂದರು. 2023ರಲ್ಲಿ ಅವರು ತೀರಿಕೊಂಡರು. ಪ್ರಶಸ್ತಿ ಬಂದ ದಿನ ನಾವೆಲ್ಲ ಸ್ಟೇಟಸ್ ಹಾಕ್ತೀವಿ. ಆಟಕ್ಕೆ ಬೇಕಾಗಿರೋದು ಅದಲ್ಲ. ಒಂದು ರಾತ್ರಿ, ಕತ್ತಲಾದ ಒಂದು ಬಯಲು, ಎದುರಿಗೆ ಕೂರುವ ಜನ, ಮತ್ತು ರಾವಣನನ್ನು ಎತ್ತುವವನಿಗೆ ಅವತ್ತಿನ ಪಾಳಿಯ ಕೂಲಿಗೆ ಕಡಿಮೆ ಇಲ್ಲದ ಸಂಭಾವನೆ.

ಆಟ ಮುಗಿದು ಗೊಂಬೆಗಳು ಒಂದೊಂದಾಗಿ ಪೆಟ್ಟಿಗೆ ಸೇರುವಾಗ ಮುಂದಿನ ಆಟ ಯಾವಾಗ ಅಂತ ಕೇಳಿದೆ. ಅಜ್ಜ ಉತ್ತರಿಸದೆ ಮೊಮ್ಮಗನ ಮುಖ ನೋಡಿದರು. ಅವನು ಫೋನ್ ತೆಗೆದು ಮುಂದಿನ ತಿಂಗಳ ಶಿಫ್ಟ್ ಚಾರ್ಟ್ ನೋಡತೊಡಗಿದ.

ಹೋಗುವವರಿಗೆ: ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಅಲ್ಲಿಂದ ಹಂಪಿಗೆ ಸುಮಾರು 13 ಕಿ.ಮೀ. ಮ್ಯೂಸಿಯಂಗೆ ಶುಕ್ರವಾರ ರಜೆ. ಗೊಂಬೆಯಾಟಕ್ಕೆ ಟಿಕೆಟ್ ಕೌಂಟರ್ ಇಲ್ಲ. ಕಂಪ್ಲಿ, ಕೊಪ್ಪಳ ಕಡೆಯ ಸ್ನೇಹಿತರನ್ನು ಮೊದಲೇ ವಿಚಾರಿಸಿ. ಹೋಟೆಲಿನಲ್ಲಿ ಗೊಂಬೆ ತೂಗುಹಾಕಿದ್ದರೆ ಅದನ್ನು ಮಾಡಿದವರು ಯಾರು, ಅವರಿಂದ ಒಂದು ಆಟ ಆಡಿಸಲು ಆಗುತ್ತಾ ಅಂತ ಕೇಳಿ. ಹತ್ತು ಜನ ಕೇಳಿದರೆ ಹೋಟೆಲಿನವರೂ ಯೋಚಿಸ್ತಾರೆ. ನಿಮ್ಮ ಆಫೀಸಿನ ರಾಜ್ಯೋತ್ಸವಕ್ಕೆ ಡಿಜೆ ಬದಲು ಒಂದು ತಂಡ ಕರೆಸಬಹುದು. ಕರೆಸಿದರೆ ಹಾಲ್‌ನ ಎಲ್ಲಾ ಲೈಟ್ ಆರಿಸಿ, ಫೋನಿನ ಫ್ಲ್ಯಾಷ್ ಕೂಡ.