ಪೆಟ್ರೋಲಿನ ಬಟ್ಟಲಿನಿಂದ ಅಲ್ಟ್ರಾಸಾನಿಕ್ ತೊಟ್ಟಿಗೆ

ಬೆಂಗಳೂರು ಪೇಟೆಯ ಅವೆನ್ಯೂ ರಸ್ತೆಯಿಂದ ಚಿಕ್ಕಪೇಟೆಯ ಕಡೆಗೆ ಹೊರಳುವ ಓಣಿಗಳಲ್ಲಿ ವಾಚು ರಿಪೇರಿಯ ಅಂಗಡಿಗಳು ಒಂದರ ಮಗ್ಗುಲಿಗೊಂದು ಆತುಕೊಂಡಿದ್ದ ಕಾಲದಲ್ಲಿ, ಅಂಗಡಿಯ ಬೋರ್ಡು ಕಣ್ಣಿಗೆ ಬೀಳುವುದಕ್ಕೆ ಮುಂಚೆಯೇ ಪೆಟ್ರೋಲಿನ ವಾಸನೆ ಮೂಗಿಗೆ ತಾಕಿ, ಒಳಗೆ ಗಡಿಯಾರ ತೊಳೆಯುತ್ತಿದ್ದಾರೆಂಬುದನ್ನು ತಿಳಿಸುತ್ತಿತ್ತು. ಆ ವಾಸನೆಯ ನಡುವೆಯೇ ಕೆಲಸ ಕಲಿತು, ಅದೇ ಕಸುಬಿನಲ್ಲಿ ತಲೆ ನರೆತ ನನಗೆ, ಕಸುಬು ಹೇಗೆ ಬದಲಾಯಿತೆಂದು ಯಾರಾದರೂ ಕೇಳಿದರೆ, ಕೈಗಡಿಯಾರಗಳ ಹೆಸರು ಬದಲಾದದ್ದಕ್ಕಿಂತಲೂ ಬೆಲೆ ಏರಿಳಿದದ್ದಕ್ಕಿಂತಲೂ ಮೊದಲು ನೆನಪಾಗುವುದು ಅವುಗಳನ್ನು ತೊಳೆಯುವ ವಿಧಾನ ಬದಲಾದದ್ದು; ಏಕೆಂದರೆ ಗಿರಾಕಿ ರಿಪೇರಿ ಎಂದು ಕರೆಯುವ ಕೆಲಸದಲ್ಲಿ ಬಹುಪಾಲು ಶುದ್ಧಿಯ ಕೆಲಸವೇ.

ವಾಚಿಗೆ ಹಾಕಿದ ಎಣ್ಣೆ ಕೆಲವು ವರ್ಷಗಳಲ್ಲಿ ಜಿಗುಟಾಗಿ, ಧೂಳನ್ನು ಹಿಡಿದುಕೊಂಡು, ಲೋಹದ ಸವೆತದ ಪುಡಿಯೊಡನೆ ಕಲೆತು ಕಪ್ಪು ಮೇಣದಂತಾಗುತ್ತದೆ. ಅದನ್ನು ತೆಗೆಯುವುದಕ್ಕೆ ಯಂತ್ರವನ್ನು ಪೂರ್ತಿ ಬಿಚ್ಚಿ, ಪ್ಲೇಟು, ಚಕ್ರ, ತಿರುಪುಗಳನ್ನು ಮುಚ್ಚಳವುಳ್ಳ ಗಾಜಿನ ಬಟ್ಟಲುಗಳಲ್ಲಿ ಪೆಟ್ರೋಲಿನೊಳಗೆ ನೆನೆಯಿಟ್ಟು, ಮೃದುವಾದ ಬ್ರಷ್ಷಿನಿಂದ ಒಂದೊಂದನ್ನೂ ಉಜ್ಜುತ್ತಿದ್ದೆವು. ಕಷ್ಟವೆಲ್ಲ ಇದ್ದದ್ದು ಜ್ಯುವೆಲ್ಲಿನ ರಂಧ್ರಗಳಲ್ಲಿ. ಬ್ಯಾಲೆನ್ಸಿನ ತುದಿ ತಿರುಗುವ ರಂಧ್ರ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಅಲ್ಲಿಗೆ ಬ್ರಷ್ಷಿನ ಕೂದಲು ಹೋಗುವಂತಿರಲಿಲ್ಲ. ಕಡ್ಡಿಯ ತುದಿಯನ್ನು ಬ್ಲೇಡಿನಿಂದ ಸಣ್ಣಗೆ ಹೆರೆದು, ರಂಧ್ರದಲ್ಲಿಟ್ಟು ತಿರುಗಿಸಿ, ಹೊರಗೆ ತೆಗೆದು ಐಗ್ಲಾಸಿನಲ್ಲಿ ನೋಡುವುದು. ತುದಿ ಕಪ್ಪಾಗಿದ್ದರೆ ಮತ್ತೆ ಹೆರೆಯುವುದು, ಮತ್ತೆ ತಿರುಗಿಸುವುದು. ಕಡ್ಡಿ ಬೆಳ್ಳಗೆ ಹೊರಬರುವ ತನಕ ಆ ರಂಧ್ರವನ್ನು ಬಿಡುವಂತಿಲ್ಲ. ನನಗೆ ಕೆಲಸ ಕಲಿಸಿದ ಯಜಮಾನರು ಒಬ್ಬ ಹುಡುಗನ ಯೋಗ್ಯತೆಯನ್ನು ಅಳೆಯುತ್ತಿದ್ದುದು ಅವನ ಮೇಜಿನ ಮೇಲೆ ಬಿದ್ದಿದ್ದ ಕಪ್ಪು ಹೆರೆತಗಳ ರಾಶಿಯಿಂದ.

ಪೆಟ್ರೋಲಿನ ಭಯ ಸದಾ ಇತ್ತು. ಕರೆಂಟು ಹೋದ ಸಂಜೆ ಮೇಣದಬತ್ತಿ ಹಚ್ಚುವ ಮೊದಲು ಬಟ್ಟಲುಗಳಿಗೆ ಮುಚ್ಚಳ ಬಿದ್ದಿದೆಯೇ ಎಂದು ಯಜಮಾನರು ಎರಡು ಸಲ ಕೇಳುತ್ತಿದ್ದರು. ಈ ಭಯಕ್ಕೆಂದೇ ಕೆಲವರು ಕಾರ್ಬನ್ ಟೆಟ್ರಾಕ್ಲೋರೈಡನ್ನು ಹಿಡಿದರು. ಅದಕ್ಕೆ ಬೆಂಕಿ ಹತ್ತದು, ಜಿಡ್ಡು ಕ್ಷಣದಲ್ಲಿ ಕರಗುತ್ತದೆ. ಆದರೆ ಅದರ ಆವಿ ಯಕೃತ್ತಿಗೆ ವಿಷವೆಂಬುದನ್ನು ಇಕ್ಕಟ್ಟಾದ ಅಂಗಡಿಗಳಲ್ಲಿ ಕುಳಿತವರಿಗೆ ಹೇಳುವವರು ಬಹುಕಾಲ ಯಾರೂ ಇರಲಿಲ್ಲ. ಓಜೋನ್ ಪದರಕ್ಕೂ ಅದು ಶತ್ರುವೆಂದು ತಿಳಿದು, ಮಾಂಟ್ರಿಯಲ್ ಒಪ್ಪಂದದಂತೆ 2010ರಲ್ಲಿ ನಮ್ಮ ದೇಶದಲ್ಲಿ ಅಂಥ ಬಳಕೆ ನಿಂತದ್ದು ನನಗೆ ಸಂತೋಷದ ಸಂಗತಿ. ಇನ್ನೂ ಬೇಗ ನಿಲ್ಲಬೇಕಾಗಿತ್ತು.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಎಚ್.ಎಂ.ಟಿ. ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ಆರಂಭಿಸಿದ ಮೇಲೆ, ಹಿಂದೆ ವಕೀಲರ, ಡಾಕ್ಟರರ ಮಣಿಕಟ್ಟಿನಲ್ಲಿ ಮಾತ್ರ ಕಾಣುತ್ತಿದ್ದ ವಸ್ತು ಮೇಷ್ಟರ, ಗುಮಾಸ್ತರ, ಮದುಮಕ್ಕಳ ಕೈಗೂ ಬಂದಿತು. ಜನತಾ, ಪೈಲಟ್, ಕೋಹಿನೂರ್ ಎಂಬ ಹೆಸರುಗಳು ಮನೆಮಾತಾದವು. ತೊಳೆಯಬೇಕಾದ ವಾಚುಗಳು ನಮ್ಮ ಮೇಜುಗಳ ಮೇಲೆ ರಾಶಿಯಾಗಿ ಬಿದ್ದವು. ಇಂಥ ಕಾಲದಲ್ಲಿ ಒಂದು ಸರ್ವಿಸ್ ಕೇಂದ್ರದೊಳಗೆ ನಾನು ಮೊದಲು ಕಂಡದ್ದು ಅಲ್ಟ್ರಾಸಾನಿಕ್ ಮೆಷೀನನ್ನು. ಮೇಲೆ ಸ್ಟೀಲಿನ ಒಂದು ಸಣ್ಣ ತೊಟ್ಟಿ, ಕೆಳಗೆ ವಿದ್ಯುತ್ತಿನ ಪೆಟ್ಟಿಗೆ, ಮುಂದೆ ಟೈಮರಿನ ಗುಂಡಿ. ಗುಂಡಿ ತಿರುಗಿಸಿದೊಡನೆ ನೀರಿನ ಮೇಲ್ಮೈ ಸಣ್ಣಗೆ ನಡುಗಿ, ಕಾದ ಎಣ್ಣೆಗೆ ಸಾಸಿವೆ ಬಿದ್ದಂಥ ಸದ್ದು ಹೊರಟು, ಬುಟ್ಟಿಯಲ್ಲಿದ್ದ ಚಕ್ರಗಳಿಂದ ಕಪ್ಪು ಹೊಗೆಯ ಎಳೆಗಳಂತೆ ಕೊಳೆ ಏಳುವುದನ್ನು ನೋಡಿ ನಾನು ಬೆರಗಾದೆ. ಕಡ್ಡಿಯಿಂದ ಒಂದು ಗಂಟೆ ಹಿಡಿಯುತ್ತಿದ್ದ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿದಿತ್ತು. ಅಲ್ಲಿನ ಒಬ್ಬ ಹೊಸ ಹುಡುಗ ಕುತೂಹಲಕ್ಕೆ ತೊಟ್ಟಿಯೊಳಗೆ ಬೆರಳು ಅದ್ದಲು ಹೋದಾಗ ಹಿರಿಯ ಕೆಲಸಗಾರರು ಅವನ ಮಣಿಕಟ್ಟು ಹಿಡಿದು, “ಏ ಮರಿ, ಕೈ ತೆಗಿ! ನೀರು ಸುಮ್ಮನಿದ್ದ ಹಾಗೆ ಕಾಣ್ತದೆ, ಅದು ಸುಮ್ಮನಿಲ್ಲ” ಎಂದರು.

ಅವರು ಹೇಳಿದ ಮಾತಿನ ಹಿಂದಿನ ವಿಜ್ಞಾನವನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ತೊಟ್ಟಿಯ ತಳಕ್ಕೆ ಹೊರಗಡೆಯಿಂದ ಅಂಟಿಸಿರುವ ಕಂಪಕಗಳು ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸುತ್ತವೆ. ಮನುಷ್ಯನ ಕಿವಿ 20,000ದ ಆಚೆಗೆ ಕೇಳಲಾರದು. ಆ ಕಂಪನದಿಂದ ನೀರಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಗುಳ್ಳೆಗಳು ಹುಟ್ಟಿ, ಹಿಗ್ಗಿ, ಮರುಕ್ಷಣದಲ್ಲಿ ಕುಸಿಯುತ್ತವೆ. ಕುಸಿಯುವಾಗ ಹೊಮ್ಮುವ ಒತ್ತಡವೇ ಕೊಳೆಯನ್ನು ಕಿತ್ತೆಸೆಯುವುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ವೇಗದ ಹಡಗುಗಳ ಪ್ರೊಪೆಲರುಗಳನ್ನು ಕಾಡಿದ ಉಪದ್ರವ ಇದೇ ಜಾತಿಯದು. ಇಂಥ ಗುಳ್ಳೆಯ ಕುಸಿತದ ಒತ್ತಡವನ್ನು 1917ರಲ್ಲಿ ಲಾರ್ಡ್ ರೇಲೀ ಲೆಕ್ಕಹಾಕಿ ತೋರಿಸಿದರು. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿಯೇ 1935ರ ವೇಳೆಗೆ ಸರ್ ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ ಅವರು, ಶ್ರವಣಾತೀತ ಧ್ವನಿ ಹಾಯುತ್ತಿರುವ ದ್ರವದೊಳಗೆ ಬೆಳಕು ಹೇಗೆ ಚದುರುತ್ತದೆಂಬುದಕ್ಕೆ ಸಿದ್ಧಾಂತ ಕಟ್ಟಿದ್ದರೆಂದು ಓದಿದಾಗ, ಆ ಧ್ವನಿಯ ಸಂಗತಿ ನಮ್ಮೂರಿಗೆ ತೀರ ಪರಕೀಯವಲ್ಲವೆಂದು ನನಗೆ ಹೆಮ್ಮೆಯಾಯಿತು.

ಮೆಷೀನು ಪೇಟೆಯ ಅಂಗಡಿಗಳಿಗೂ ಬಂದ ಮೇಲೆ, ಇನ್ನು ತೊಳೆಯುವುದಕ್ಕೆ ವಿದ್ಯೆ ಬೇಕಿಲ್ಲವೆಂದು ಬಹುಮಂದಿ ತಿಳಿದರು. ನಾನು ಕಂಡದ್ದು ಬೇರೆ. ಬೆರಳಿನ ಶ್ರಮ ನೀರಿಗೆ ಸಂದಿತು, ನಿಜ. ಆದರೆ ಎಚ್ಚರವನ್ನು ನೀರು ವಹಿಸಿಕೊಳ್ಳಲಿಲ್ಲ. ಹಳೆಯ ಅಭ್ಯಾಸದ ಬಲದಿಂದ ಒಂದು ಅಂಗಡಿಯಲ್ಲಿ ತೊಟ್ಟಿಗೇ ಪೆಟ್ರೋಲು ಸುರಿದು ಗುಂಡಿ ತಿರುಗಿಸಿದರು. ಕಂಪನದಿಂದ ದ್ರವ ಬಿಸಿಯೇರಿ ಆವಿ ದಟ್ಟವಾಗಿ ಹರಡುತ್ತದೆ, ಕೆಳಗಿನ ಪೆಟ್ಟಿಗೆಯೊಳಗೆ ಕಿಡಿ ಹಾರುವ ಸ್ವಿಚ್ಚಿದೆ ಎಂಬ ಯೋಚನೆ ಯಾರಿಗೂ ಬಂದಿರಲಿಲ್ಲ. ಭಗ್ಗೆಂದು ಎದ್ದ ಜ್ವಾಲೆಯನ್ನು ಅಕ್ಕಪಕ್ಕದವರು ಮರಳು ಸುರಿದು ಆರಿಸುವಷ್ಟರಲ್ಲಿ ಕೆಲಸದ ಹುಡುಗನ ಮುಂಗೈ ಬೆಂದಿತ್ತು. ಪೆಟ್ರೋಲು, ಸ್ಪಿರಿಟ್ಟು, ಥಿನ್ನರು, ಯಾವುದನ್ನೂ ಈ ತೊಟ್ಟಿಗೆ ಸುರಿಯಕೂಡದೆಂಬುದು ಅಂದಿನಿಂದ ಓಣಿಗೆಲ್ಲ ಕಟ್ಟಳೆಯಾಯಿತು.

ಮಿಕ್ಕ ಕಟ್ಟಳೆಗಳು ಇಷ್ಟು ಕ್ರೂರವಾಗಿ ಕಲಿಸಲಿಲ್ಲ, ಮೆಲ್ಲಮೆಲ್ಲನೆ ಹಣ ತೆರಿಸಿ ಕಲಿಸಿದವು. ನೀರು ಗುರುತಿನ ಗೆರೆಗಿಂತ ಕೆಳಗಿದ್ದಾಗ, ಅಥವಾ ತೊಟ್ಟಿ ಬರಿದಾಗಿದ್ದಾಗ ಗುಂಡಿ ತಿರುಗಿಸಿದರೆ ಕಂಪಕ ಕಾದು, ಅದನ್ನು ತಳಕ್ಕೆ ಹಿಡಿದಿರುವ ಅಂಟು ಸಡಿಲವಾಗುತ್ತದೆ. ವಸ್ತುಗಳನ್ನು ತಳದ ಮೇಲೆ ನೇರವಾಗಿ ಇಡದೆ ಬುಟ್ಟಿಯಲ್ಲಿ ತೂಗಹಾಕಬೇಕು. ಇಲ್ಲವಾದರೆ ಅಲೆ ಮೇಲೇರದೆ ತಳವೇ ಸವೆಯುತ್ತದೆ. ಉದುರಿದ ಮರಳು, ಲೋಹದ ಚೂರು ಅಡಿಯಲ್ಲಿ ಉಳಿದರೆ ಅವೂ ಕುಣಿದು ಕುಣಿದು ಸ್ಟೀಲನ್ನು ಕೊರೆಯುತ್ತವೆ. ಹಾಗೆ ಕೊರೆದು ಸಿಡುಬಿನ ಕಲೆಯಾದ ತಳಗಳನ್ನು ಕಂಡಿದ್ದೇನೆ. ಆದಕಾರಣ ದಿನದ ಕೊನೆಗೆ ಪ್ಲಗ್ಗು ಕಿತ್ತು, ಆಮೇಲೆ ನೀರು ಚೆಲ್ಲಿ, ಮೃದುವಾದ ಬಟ್ಟೆಯಿಂದ ತಳ ಒರಸಬೇಕು. ಬ್ಲೀಚಿಂಗ್ ಪುಡಿಯ ನೀರನ್ನು ಹತ್ತಿರಕ್ಕೂ ತರಬಾರದು. ಕ್ಲೋರಿನ್ನು ಸ್ಟೀಲನ್ನೂ ತಿನ್ನುತ್ತದೆ. ಬೆಂಗಳೂರಿನ ಬೋರ್‌ವೆಲ್ಲಿನ ಗಡಸು ನೀರು ಚಕ್ರಗಳ ಮೇಲೆ ಬಿಳಿಯ ಪೊರೆ ಬಿಡುತ್ತದಾದ್ದರಿಂದ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೇ ನಾವು ತಂದುಕೊಳ್ಳುತ್ತಿದ್ದೆವು. ತೊಳೆದೊಡನೆ ಬಿಸಿಗಾಳಿಯಲ್ಲಿ ಒಣಗಿಸದಿದ್ದರೆ ಉಕ್ಕಿನ ಭಾಗಗಳು ತುಕ್ಕು ಹಿಡಿಯುತ್ತವೆಂಬುದನ್ನೂ ಮರೆಯುವಂತಿರಲಿಲ್ಲ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಹೊಸ ನೀರನ್ನು ಹದಗೊಳಿಸುವ ಕೆಲಸ. ಆಗತಾನೆ ತುಂಬಿದ ನೀರಿನಲ್ಲಿ ಗಾಳಿ ಕರಗಿರುತ್ತದೆ. ಆ ಗಾಳಿ ಗುಳ್ಳೆಗಳ ಕುಸಿತಕ್ಕೆ ಮೆತ್ತೆಯಾಗಿ ಅಡ್ಡಬಂದು ಶಕ್ತಿಯನ್ನು ನುಂಗಿಬಿಡುತ್ತದೆ. ಆದ್ದರಿಂದ ಏನನ್ನೂ ಹಾಕದೆ ಐದು ಹತ್ತು ನಿಮಿಷ ಮೆಷೀನನ್ನು ನಡೆಸಬೇಕು. ಮೊದಲು ದಪ್ಪ ಗುಳ್ಳೆಗಳು ಗೋಡೆಗೆ ಅಂಟಿ, ಬಿಟ್ಟು, ಮೇಲೇರುತ್ತವೆ, ಸದ್ದು ಒರಟಾಗಿ ಏರಿಳಿಯುತ್ತದೆ. ಬರಬರುತ್ತ ಗುಳ್ಳೆಗಳು ವಿರಳವಾಗಿ ಸದ್ದು ಒಂದೇ ಸಮನಾಗಿ, ಸಣ್ಣಗೆ ನಿಲ್ಲುತ್ತದೆ. ಅನುಭವಿಗೆ ಗಡಿಯಾರ ನೋಡುವ ಅಗತ್ಯವಿಲ್ಲ, ಕಿವಿಯೇ ಹೇಳುತ್ತದೆ. ಆದರೆ ಆ ಸದ್ದನ್ನು ದಿನವಿಡೀ ಪಕ್ಕದಲ್ಲಿ ಕುಳಿತು ಕೇಳಬಾರದು; ಮುಚ್ಚಳ ಹಾಕಿದರೆ ಸದ್ದೂ ತಗ್ಗುತ್ತದೆ, ಹನಿಗಳೂ ಆವಿಯೂ ಮುಖಕ್ಕೆ ಬರುವುದು ತಪ್ಪುತ್ತದೆ.

ಯಾವುದನ್ನು ಹಾಕಬಾರದು ಎಂಬ ವಿವೇಕ ಇನ್ನೂ ದೊಡ್ಡದು. ಹಳೆಯ ವಾಚುಗಳ ಪ್ಯಾಲೆಟ್ಟಿನ ಕಲ್ಲುಗಳು ಅರಗಿನಿಂದ ಕೂತಿರುತ್ತವೆ. ಸ್ಪಿರಿಟ್ಟಿನಲ್ಲಿ ಅದು ಕರಗಿ ಕಲ್ಲು ಕಳಚುತ್ತದೆ. ಕತ್ತಲೆಯಲ್ಲಿ ಹೊಳೆಯುವಂತೆ ರೇಡಿಯಂ ಬಳಿದ ಹಳೆಯ ವಿದೇಶೀ ಡಯಲ್ಲುಗಳನ್ನೂ ಮುಳ್ಳುಗಳನ್ನೂ ತೊಟ್ಟಿಗೆ ಹಾಕಿದರೆ ಬಣ್ಣ ಉದುರಿ ವಿಕಿರಣದ ಕಣಗಳು ನೀರಿಗೆಲ್ಲ ಹರಡುತ್ತವೆ. ಮೆಷೀನಿನ ಸುದ್ದಿ ಕೇಳಿ ಪಕ್ಕದ ಬೀದಿಯ ಅಕ್ಕಸಾಲಿಗರೂ ಒಡವೆ ತಂದರು. ಚಿನ್ನದ ಬರಿಯ ಸರ, ಬಳೆಗಳು ಮಿಂಚಿ ಹೊರಬಂದವು. ಆದರೆ ನಮ್ಮ ಹೆಂಗಸರ ಒಡವೆಯಲ್ಲಿ ಬರಿಯ ಚಿನ್ನ ಎಷ್ಟು? ಮುತ್ತು, ಹವಳಗಳ ಮೈ ಮೃದುವಾದ್ದರಿಂದ ಹೊಳಪು ಕೆಡುತ್ತದೆ, ಪಚ್ಚೆಯ ಒಳಗಿನ ಬಿರುಕುಗಳಿಗೆ ತುಂಬಿರುವ ಎಣ್ಣೆ ಹೊರಟುಹೋಗುತ್ತದೆ, ಒಳಗೆ ಅರಗು ತುಂಬಿದ ಹಳೆಯ ಒಡವೆ ಬಿಸಿನೀರಿಗೆ ಸಡಿಲುತ್ತದೆ. “ಅಜ್ಜಿ ಕಾಲದ್ದು, ಸ್ವಲ್ಪ ತೊಳೆದುಕೊಡಿ ಅಣ್ಣಾ” ಎಂದು ಬಂದ ತಾಯಂದಿರಿಗೆ, ಇದನ್ನು ಒದ್ದೆ ಬಟ್ಟೆಯಲ್ಲಿ ಒರಸಿಕೊಳ್ಳಿ ತಾಯಿ, ಸಾಕು, ಎಂದು ಹೇಳಿ ಕಳುಹಿಸಿದ್ದೇ ಹೆಚ್ಚು.

ಮುಂದೆ ಕ್ವಾರ್ಟ್ಜ್ ವಾಚುಗಳು ಬಂದು, ಸರ್ವಿಸಿಂಗಿನ ಬದಲು ಸೆಲ್ಲು ಹಾಕಿಸುವುದೇ ರೂಢಿಯಾಗಿ, ಅಂಗಡಿಗಳು ಒಂದೊಂದಾಗಿ ಮೊಬೈಲು ಮಾರುವವರ ಪಾಲಾದವು. 2016ರಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಈಗ ಅಜ್ಜಂದಿರ ಜನತಾ, ಪೈಲಟ್ ವಾಚುಗಳನ್ನು ಪೆಟ್ಟಿಗೆಯಿಂದ ಹುಡುಕಿ ತರುವ ತರುಣರಿದ್ದಾರೆ; ಅವರಲ್ಲಿ ಕೆಲವರು ಅಗ್ಗದ ಸಣ್ಣ ತೊಟ್ಟಿಗಳನ್ನು ತರಿಸಿಕೊಂಡು ಮನೆಯಲ್ಲೇ ತೊಳೆಯುತ್ತಾರೆ. ಕನ್ನಡಕದ ಅಂಗಡಿಗಳಲ್ಲಂತೂ ಈ ತೊಟ್ಟಿ ಸರ್ವೇಸಾಮಾನ್ಯ. ನನ್ನಲ್ಲಿ ಕೇಳಲು ಬರುವವರಿಗೆ ನಾನು ಮೊದಲು ಮಾಡಿಸುವುದು ಹಾಳೆಯ ಪರೀಕ್ಷೆ. ರೊಟ್ಟಿ ಸುತ್ತಿಡುವ ಅಲ್ಯೂಮಿನಿಯಮ್ ಹಾಳೆಯ ತುಂಡೊಂದನ್ನು ತಂತಿಗೆ ಸಿಕ್ಕಿಸಿ, ಹದವಾದ ನೀರಿನಲ್ಲಿ ತಳ ಮುಟ್ಟದಂತೆ ನೆಟ್ಟಗೆ ಇಳಿಬಿಟ್ಟು, ಅರ್ಧ ನಿಮಿಷ ನಡೆಸಿ, ಬೆಳಕಿಗೆ ಹಿಡಿದು ನೋಡುವುದು. ಉದ್ದಗಲಕ್ಕೂ ಸೂಜಿಮೊನೆಯ ತೂತುಗಳೂ ಸುಕ್ಕುಗಳೂ ಸಮವಾಗಿ ಬಿದ್ದಿದ್ದರೆ ತೊಟ್ಟಿ ಆರೋಗ್ಯದಿಂದಿದೆ. ಹಾಳೆಯ ಚೂರುಗಳು ಉಳಿಯದಂತೆ ಆ ನೀರನ್ನು ಚೆಲ್ಲಿ ಹೊಸದು ತುಂಬಬೇಕು. ಒಂದು ಪಕ್ಕ ಮಾತ್ರ ನುಣುಪಾಗಿಯೇ ಉಳಿದಿದ್ದರೆ ಅಲ್ಲಿನ ಕಂಪಕ ಕೆಟ್ಟಿದೆಯೆಂದು ಶಂಕಿಸಿ, ತೊಟ್ಟಿಯನ್ನು ಬಲ್ಲವರಿಗೆ ಒಪ್ಪಿಸಬೇಕೇ ಹೊರತು ತಾವೇ ತಳ ಬಿಚ್ಚುವುದಕ್ಕೆ ಹೋಗಕೂಡದು. ಕಂಪಕವನ್ನು ಕುಣಿಸುವ ವಿದ್ಯುತ್ತಿನ ಒತ್ತಡ ಮನೆಯ ಪ್ಲಗ್ಗಿನದಕ್ಕಿಂತ ಹೆಚ್ಚಿನದಾಗಿರಬಹುದು, ಪ್ಲಗ್ಗು ಕಿತ್ತ ಮೇಲೆಯೂ ಅದರ ಸ್ವಲ್ಪ ಭಾಗ ಒಳಗೆ ಕೆಲಹೊತ್ತು ಉಳಿದಿರುತ್ತದೆ.